ಹನ್ನೆರಡು ಪಟ್ಟು ಸಾಕೆಂದ ಕಲೈಸೆಲ್ವಿ

ಎಲ್ಲಿಂದ ಶುರು ಮಾಡಲಿ? ಗುಂಡು ಹಾರಿದಲ್ಲಿಂದ ಶುರು ಮಾಡಿದರೆ ನೀವು ಬಿಡದೆ ಓದುತ್ತೀರಿ, ಗೊತ್ತು. ಆದರೆ ಈ ಕಥೆಯ ಜೀವ ಇರುವುದು ಹಾರದ ಗುಂಡಿನಲ್ಲಿ. (ಆರಂಭದಲ್ಲೇ ಗುಟ್ಟು ಬಿಟ್ಟುಕೊಟ್ಟೆ. ಇರಲಿ.)

೧.
ಕಲೈಸೆಲ್ವಿಗೆ ನಲವತ್ತೊಂದು. ಸಿರುಮುಗೈಯಲ್ಲಿ ರೇಷ್ಮೆ ಸೀರೆ ನೇಯುವ ಮನೆ. ಒಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಆರು ವರ್ಷಗಳಿಂದ ಪ್ರತಿ ಭಾನುವಾರ ಬಸ್ ಹಿಡಿದು ಅನ್ನೂರಿನಾಚೆಯ ರೈಫಲ್ ಕ್ಲಬ್ಬಿಗೆ ಹೋಗುತ್ತಾಳೆ. ಮುನ್ನೂರು ಮೀಟರ್ ದೂರದ ಗುರಿ. ಈ ಕಥೆ ನಡೆದ ಭಾನುವಾರ ಕ್ಲಬ್ಬಿನ ತಂಡದ ಆಯ್ಕೆ. ಉಳಿದಿದ್ದದ್ದು ಒಂದೇ ಜಾಗ. ಅದಕ್ಕೆ ಅವಳಿಗೂ ಯಶ್ವಂತನಿಗೂ ಪೈಪೋಟಿ. ಯಶ್ವಂತ್, ದಾವಣಗೆರೆಯಿಂದ ಬಂದು ಇಲ್ಲಿನ ಪಂಪ್ ಕಾರ್ಖಾನೆ ಸೇರಿದ ಎಂಜಿನಿಯರ್.

೨.
ಮೊದಲ ಡ್ರಾಫ್ಟಿನಲ್ಲಿ ಅವಳ ರೈಫಲ್ ಮೇಲಿನ ದುರ್ಬೀನನ್ನು, ಅಂದರೆ ಸ್ಕೋಪನ್ನು, ಗುರಿ ಮೂವತ್ತೆರಡು ಪಟ್ಟು ದೊಡ್ಡದಾಗಿ ಕಾಣುವಂತೆ ತಿರುಗಿಸಿಟ್ಟಿದ್ದೆ. ದೂರದ್ದು ದೊಡ್ಡದಾಗಿ ಕಂಡಷ್ಟೂ ಒಳ್ಳೆಯದಲ್ಲವೇ? ಅವಳಿಗೆ ಕನ್ನಡ ಅಕ್ಷರ ಬಾರದು; ಫೋನಿನಲ್ಲಿ ಓದಿ ಹೇಳಿದೆ. ನಕ್ಕಳು.

"ಏನಣ್ಣಾ, ಒಂದ್ ಸಲನಾದ್ರೂ ಅದ್ರೊಳಗೆ ಕಣ್ಣಿಟ್ಟು ನೋಡಿದ್ದೀರಾ? ಮಧ್ಯಾಹ್ನ ಸುಡೋ ವೆಯಿಲ್ನಲ್ಲಿ ಮೂವತ್ತೆರಡು ಇಟ್ರೆ ಗುರಿ ನೀರೊಳಗಿನ ಮೀನ್ ಮಾದಿರಿ ಆಡ್ತದೆ. ಕೈ ನಡುಕಾನೂ ಅಷ್ಟೇ ದೊಡ್ಡದಾಗಿ ಕಾಣ್ತದೆ."

"ಹಾಗಾದರೆ ಹದಿನೆಂಟು?"

"ಹನ್ನೆರಡು, ಪೋದುಂ. ಅಷ್ಟೇ ಸಾಕು. ಅಕ್ಕಪಕ್ಕದ ಹುಲ್ಲು ಕಾಣ್ಬೇಕು. ಗಾಳಿ ಎತ್ಲಾಗೆ ಅಂತ ಅದೇ ತಾನೆ ಹೇಳೋದು?"

ಡ್ರಾಫ್ಟ್ ಹರಿದೆಸೆದೆ. (ಡಿಲೀಟ್ ಒತ್ತಿದೆ. 'ಹರಿದೆಸೆದೆ' ಎಂದರೆ ಗಾಂಭೀರ್ಯ ಹೆಚ್ಚು.)

೩.
ಆಯ್ಕೆಯ ದಿನ, ಪಕ್ಕದ ಚಾಪೆಯ ಮೇಲೆ ಗುರಿ ಹಿಡಿದು ಬೋರಲು ಮಲಗಿದ್ದ ಯಶ್ವಂತ್ ಅವಳ ಸ್ಕೋಪಿನತ್ತ ಇಣುಕಿ ಕೇಳಿದ: "ಅಷ್ಟು ಕಡಿಮೆನಾ ಮೇಡಂ? ಗುರಿ ಕಡಲೆಕಾಳಿನಷ್ಟು ಕಾಣುತ್ತಲ್ರೀ!"

"ಹೊಡೆಯೋದು ಕಾಳಿಗೇ ತಾನೆ, ತಂಬಿ."

ಒಂದೊಂದೇ ಗುಂಡು ಉಳಿದಾಗ ಇಬ್ಬರದೂ ಸಮ ಅಂಕ. ಕಲೈಸೆಲ್ವಿ ಅರ್ಧ ಉಸಿರು ಬಿಟ್ಟು ಹಿಡಿದಳು. ಬೆರಳು ಟ್ರಿಗರಿನ ಮೇಲಿತ್ತು. ಆಗ ಗಾಜಿನ ಎಡ ಅಂಚಿನಲ್ಲಿ, ಹುಲ್ಲಿನ ನಡುವೆ ನೀಲಿ ಬಣ್ಣ ಅಲುಗಿತು. ಸೀರೆ! ಮುರಿದ ಬೇಲಿ ದಾಟಿ ಒಬ್ಬ ಹೆಂಗಸು ಯಶ್ವಂತನ ಗುರಿಯತ್ತ ನಡೆದು ಬರುತ್ತಿದ್ದಳು.

"ಸ್ಟಾಪ್!"

ಕಲೈಸೆಲ್ವಿಯ ಆ ಕೂಗಿಗೆ ಇಡೀ ಸಾಲೇ ಸ್ತಬ್ಧವಾಯಿತು. ಯಶ್ವಂತನ ಬೆರಳು ಅರ್ಧದಲ್ಲೇ ನಿಂತಿತು. ಅವನ ಮೂವತ್ತೆರಡು ಪಟ್ಟಿನ ಗಾಜಿನಲ್ಲಿ ಆ ಗುರಿಯ ಹೊರತು ಬೇರೇನೂ ಇರಲಿಲ್ಲ.

ಹೆಂಗಸಿನ ಹೆಸರು ರಾಮಾಯಿ, ಪಕ್ಕದ ತೋಟದವಳು. ಕರೆತಂದವರ ಮೇಲೇ ಅವಳು ರೇಗಿದಳು: "ಎನ್ ಆಡು ಎಂಗೆ?" ಕಳೆದುಹೋದ ಆಡಿನ ಮುಂದೆ ಅವಳಿಗೆ ಗುಂಡು ಗಿಂಡು ಯಾವ ಲೆಕ್ಕ!

ಯಶ್ವಂತ್ ರೈಫಲ್ ಬಿಟ್ಟು ಎದ್ದು ಕೂತಿದ್ದ. "ಒತ್ತೇಬಿಡ್ತಿದ್ದೆ ಮೇಡಂ. ನಾನು ಹಿಂದೆ ಸರೀತೀನಿ. ಆ ಜಾಗ ನಿಮ್ಮದೇ."

"ದಾನ ಕೊಡ್ತೀಯಾ? ನೀರು ಕುಡಿ. ಮಲಕ್ಕೋ. ಹೊಡಿ," ಎಂದಳು ಕಲೈಸೆಲ್ವಿ.

ಯಶ್ವಂತ್ ನೀರು ಕುಡಿದು ಮತ್ತೆ ಚಾಪೆಯ ಮೇಲೆ ಮಲಗಿದ.

೪.
ಎರಡು ಮುಕ್ತಾಯ ಬರೆದೆ. ಒಂದರಲ್ಲಿ ಅವಳು ಗೆಲ್ಲುತ್ತಾಳೆ, ಯಶ್ವಂತ್ ಚಪ್ಪಾಳೆ ತಟ್ಟುತ್ತಾನೆ. ಇನ್ನೊಂದರಲ್ಲಿ ಕೈ ನಡುಗಿ ಸೋಲುತ್ತಾಳೆ, ನೀವು ಕಣ್ಣೊರೆಸಿಕೊಳ್ಳುತ್ತೀರಿ. ಎರಡನ್ನೂ ಓದಿ ಹೇಳಿದೆ.

"ನಡುಗಿತು, ನಿಜ," ಎಂದಳು. "ನಿಲ್ಲೋ ತನಕ ಕಾದೆ. ಅದನ್ನ ಬರೀರಿ. ಮಿಕ್ಕಿದ್ದು ಯಾಕೆ?"

ಸರಿ, ಬರೆದೆ. ನಡುಕ ನಿಲ್ಲಲು ನಾಲ್ಕು ನಿಮಿಷ ಬೇಕಾಯಿತು. ಆಮೇಲೆ ಎರಡು ಗುಂಡುಗಳು ಒಂದರ ಹಿಂದೊಂದು ಹಾರಿದವು. ಗುರಿಯ ಹಾಳೆ ತರಲು ಹೋದವರು ಇನ್ನೂ ಮುನ್ನೂರು ಮೀಟರ್ ನಡೆದು ವಾಪಸ್ ಬರಬೇಕು. ಓದುಗರೇ, ಕಾಯುವುದಾದರೆ ಕಾಯಿರಿ. ಕಲೈಸೆಲ್ವಿಯಂತೂ ಕಾಯಲಿಲ್ಲ, ರಾಮಾಯಿಯ ಕೈ ಹಿಡಿದು, ಆಡು ಹುಡುಕಲು ಬೇಲಿ ದಾಟಿಬಿಟ್ಟಳು.