ಹೋದ ಹಾಗೇ ಬಂದ ಹಡಗು

ಗಂಟಣ್ಣ ತನ್ನ ಕೈಯಾರೆ ಹಗ್ಗ ಬಿಗಿದು ಕಳಿಸಿದ್ದ ಹಡಗು ಐವತ್ತೆಂಟನೆಯ ದಿನ ಬೆಳಿಗ್ಗೆ ಅದೇ ಬಂದರಿಗೆ ವಾಪಸು ಬಂದು ನಿಂತಿತು. ಹಡಗು ಬರುವುದು, ಹೋಗುವುದು ಬಂದರಿನಲ್ಲಿ ಸುದ್ದಿಯೇ ಅಲ್ಲ. ಆದರೆ ಈ ಹಡಗು ಹೋಗುವಾಗ ನೀರಿನಲ್ಲಿ ಎಷ್ಟು ಆಳಕ್ಕೆ ಕೂತಿತ್ತೋ ಬರುವಾಗಲೂ ಅಷ್ಟೇ ಆಳಕ್ಕೆ ಕೂತಿತ್ತು. ಖಾಲಿ ಹಡಗು ಮೇಲೆದ್ದು ನಿಲ್ಲುತ್ತದೆ, ತುಂಬಿದ ಹಡಗು ಕುಗ್ಗಿ ಕೂರುತ್ತದೆ ಎನ್ನುವುದು ಬಂದರಿನ ಕಡೆಯ ಚಿಕ್ಕ ಮಕ್ಕಳಿಗೂ ಗೊತ್ತು.

ಗೇಟಿನ ಹೊರಗೆ ಟಾರ್ಪಾಲಿನ ಕೆಳಗೆ ಕೂತಿದ್ದ ಮುಷ್ಕರದವರು ಎದ್ದು ನಿಂತು ನೋಡಿದರು. ಇಂಜಿನ್ನು ಕೆಟ್ಟಿರಬೇಕು ಎಂದ ಒಬ್ಬ. ಹಳೆಯದನ್ನು ಇಳಿಸಿ ಹೊಸ ಸರಕು ತುಂಬಿಕೊಂಡು ಬಂದಿದೆ ಎಂದ ಇನ್ನೊಬ್ಬ. "ಹೋದ ಪುಟ್ಟ, ಬಂದ ಪುಟ್ಟ," ಎಂದು ಮೂರನೆಯವನು ನಗಿಸಿದ. ಸಂಘದ ಕಾರ್ಯದರ್ಶಿ ಮಾತ್ರ ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿ, "ಕಣ್ಣಾರೆ ಕಾಣದೆ ಏನೂ ಹೇಳಬಾರದು," ಎಂದು ಸುಮ್ಮನೆ ಕೂತರು. ಈ ಕಾರ್ಯದರ್ಶಿ ಗಂಟಣ್ಣನ ಹೆಂಡತಿಯ ಅಣ್ಣ. ಗಂಟಣ್ಣನಿಗೆ ಭಾವ.

ಗಂಟಣ್ಣ ಎನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಹಡಗಿಗೆ ಏರಿಸಿದ ಪೆಟ್ಟಿಗೆಗಳು ಸಮುದ್ರದಲ್ಲಿ ಜಾರದಂತೆ ಹಗ್ಗ ಬಿಗಿಯುವುದು ಅವನ ಕೆಲಸ, ಸದಾ ಮುಖ ಗಂಟು ಹಾಕಿಕೊಂಡಿರುವುದು ಅವನ ಅಭ್ಯಾಸ. ಎರಡರಲ್ಲಿ ಯಾವುದಕ್ಕೆ ಆ ಹೆಸರು ಬಂತೋ, ಇಟ್ಟವರಿಗೂ ಈಗ ನೆನಪಿಲ್ಲ. ಇಪ್ಪತ್ತಾರು ವರ್ಷದಲ್ಲಿ ಅವನು ಬಿಗಿದ ಒಂದು ಪೆಟ್ಟಿಗೆಯೂ ಜಾರಿದ್ದಿಲ್ಲ.

ಮುಷ್ಕರ ಶುರುವಾದದ್ದು ಎಂಟು ಮತ್ತು ಐದರ ಲೆಕ್ಕದಲ್ಲಿ. ಒಂದೊಂದು ಗ್ಯಾಂಗಿನಲ್ಲಿ ಎಂಟು ಜನ ಇರುತ್ತಿದ್ದರು. ಐದು ಸಾಕು ಎಂದಿತು ಕಂಪನಿ. ಮೇಲೆ ನಿಂತು ಕೈಸನ್ನೆ ಮಾಡಿ ಕ್ರೇನಿನವನಿಗೆ ದಾರಿ ತೋರಿಸುವವನನ್ನೂ ತೆಗೆದರು. ಒಂಬತ್ತನೆಯ ದಿನವೇ, ಕೆಳಗೆ ಕೊಂಡಿ ಹಾಕುತ್ತಿದ್ದವನ ಕಾಲಿನ ಮೇಲೆ ಪೆಟ್ಟಿಗೆ ಇಳಿಯಿತು. ಕ್ರೇನಿನವನಿಗೆ ಅವನು ಕಂಡಿರಲಿಲ್ಲ, ನಿಲ್ಲಿಸು ಎಂದು ಹೇಳುವವನು ಅಲ್ಲಿರಲಿಲ್ಲ. ಮರುದಿನ ಮುನ್ನೂರ ಹನ್ನೆರಡು ಜನರೂ ಹೊರಗೆ ಬಂದರು. ಗಂಟಣ್ಣನೂ ಬಂದ.

ನಲವತ್ತು ದಿನ ಕೂತ. ಕೂರುವ ಕೆಲಸದಷ್ಟು ಕಷ್ಟದ ಕೆಲಸ ಇನ್ನೊಂದಿಲ್ಲ, ಅದರಲ್ಲೂ ಕೈ ಸುಮ್ಮನಿರಲಾರದವನಿಗೆ. ಒಂದು ಸಂಜೆ ಸಭೆಯಲ್ಲಿ ಭಾವ ಹೊಸ ವಿಷಯ ಎತ್ತಿದರು. ಕಂಪನಿ ಯಾರನ್ನಾದರೂ ಹಿಡಿದು ತಂದು ಹಡಗು ತುಂಬಿಸಿದರೆ, ಆ ಹಡಗು ಹೋಗುವ ಪ್ರತಿ ಬಂದರಿನ ಕೆಲಸಗಾರರಿಗೂ ಕಾಗದ ಬರೆಯೋಣ, ಇದನ್ನು ಮುಟ್ಟಬೇಡಿ ಅಂತ ಕೇಳೋಣ ಎಂದರು. ಗಂಟಣ್ಣ ಎಲ್ಲರೆದುರು ನಕ್ಕುಬಿಟ್ಟ.

"ಪಕ್ಕದ ಮನೆಯವನು ಒಂದು ಕೊಡ ನೀರು ಕೊಡೋಕೆ ಹತ್ತು ಸಲ ಯೋಚನೆ ಮಾಡ್ತಾನೆ ಭಾವ. ಸಮುದ್ರದ ಆಚೆ ಇರೋನು ನಿಮ್ಮ ಮುಖ ನೋಡಿದ್ದಾನಾ, ನನ್ನ ಮುಖ ನೋಡಿದ್ದಾನಾ? ನಮಗೋಸ್ಕರ ಕೈಗೆ ಬಂದ ಕೆಲಸ ಬಿಡ್ತಾನಾ?"

"ಬಿಡ್ತಾನೋ ಇಲ್ವೋ ಅದು ಅವನಿಗೆ ಬಿಟ್ಟಿದ್ದು. ಕೇಳೋದು ನಮಗೆ ಬಿಟ್ಟಿದ್ದು," ಎಂದರು ಭಾವ. "ನಿನ್ನ ಮುಖ ನೋಡಿದ್ರೆ ಅವನು ಖಂಡಿತ ಬಿಡಲ್ಲ, ಅದು ಬೇರೆ ಮಾತು."

ಸಭೆ ಬಿದ್ದು ಬಿದ್ದು ನಕ್ಕಿತು. ಆ ನಗು ಗಂಟಣ್ಣನ ಮೈಗೆಲ್ಲ ಚುಚ್ಚಿತು. ಮರುದಿನ ಕಂಪನಿಯವರು ಕರೆದಾಗ ಒಳಗೆ ಹೋದ ಹನ್ನೊಂದು ಜನರಲ್ಲಿ ಅವನೂ ಒಬ್ಬನಾದ. ತಾನು ಬಿಗಿಯದಿದ್ದರೆ ಇನ್ನೊಬ್ಬ ಬಿಗಿಯುತ್ತಾನೆ ಎಂದು ತನಗೆ ತಾನೇ ಹೇಳಿಕೊಂಡ. ಆರು ದಿನ ದುಡಿದು ಹಡಗು ತುಂಬಿಸಿದರು. ಕೆಟ್ಟ ಕೆಲಸವನ್ನೂ ಕೆಟ್ಟದಾಗಿ ಮಾಡಲು ಬಾರದ ಮನುಷ್ಯ ಅವನು, ಒಂದೊಂದು ಹಗ್ಗವನ್ನೂ ಅಚ್ಚುಕಟ್ಟಾಗಿ ಬಿಗಿದ.

ಅವತ್ತಿನಿಂದ ಹೆಂಡತಿ ಅವನೊಂದಿಗೆ ಮಾತು ಬಿಟ್ಟಳು. ಜಗಳವಿಲ್ಲ, ಅಳುವಿಲ್ಲ. ತಟ್ಟೆ ಇಡುತ್ತಿದ್ದಳು, ಬಟ್ಟೆ ಒಗೆಯುತ್ತಿದ್ದಳು, ಬೆಳಗಾದರೆ ಗೇಟಿನ ಬಳಿ ಮುಷ್ಕರದವರ ಅಡುಗೆ ಮನೆಗೆ ಈರುಳ್ಳಿ ಹೆಚ್ಚಲು ಹೋಗುತ್ತಿದ್ದಳು. ಗಂಡನಿಗೆ ಹೇಳಲೇಬೇಕಾದದ್ದನ್ನು ಬೆಕ್ಕಿಗೆ ಹೇಳುತ್ತಿದ್ದಳು. ಎರಡು ತಿಂಗಳು ಮೀರಿ ಹೀಗೇ ನಡೆದಿತ್ತು. ಗೆಳೆಯರು ಬಿಟ್ಟಿದ್ದನ್ನು ಸಹಿಸಿಕೊಂಡ, ಬೀದಿಯವರು ಮುಖ ತಿರುಗಿಸಿದ್ದನ್ನೂ ಸಹಿಸಿಕೊಂಡ, ಹತ್ತೊಂಬತ್ತು ವರ್ಷ ಜೊತೆಗೆ ಬಾಳಿದವಳ ಈ ಮೌನ ಅವನನ್ನು ಒಳಗೊಳಗೇ ತಿಂದುಹಾಕಿತು.

ಹಡಗು ಬಂದ ದಿನ ಹತ್ತು ಗಂಟೆಗೆ ಮ್ಯಾನೇಜರು ಹೇಳಿಕಳಿಸಿದರು.

"ಮೇಲೆ ಹೋಗಿ ಹಗ್ಗ ಎಲ್ಲ ನೋಡ್ಕೊಂಡು ಬಾ. ನಾಳೆ ಏಳು ಗಂಟೆಗೆ ನಿನ್ನ ಹತ್ತು ಜನರನ್ನ ಕರ್ಕೊಂಡು ಬಂದು ಇಳಿಸಿಬಿಡಿ. ಕಟ್ಟಿದವನು ನೀನು, ಬಿಚ್ಚೋನೂ ನೀನೇ."

"ಹೋದ ಸಾಮಾನು ಯಾಕೆ ವಾಪಸ್ ಬಂತು ಸಾರ್?"

"ಮಾರ್ಕೆಟ್ ಸರಿ ಇರ್ಲಿಲ್ಲ," ಎಂದರು ಮ್ಯಾನೇಜರು, ಆಗಲೇ ಚೂಪಾಗಿದ್ದ ಪೆನ್ಸಿಲನ್ನು ಮತ್ತೆ ಹೆರೆಯುತ್ತ.

ಏಣಿ ಹತ್ತಿ ಹಡಗಿನ ಮೇಲೆ ಕಾಲಿಟ್ಟಾಗ ಗಂಟಣ್ಣ ಮೊದಲು ನೋಡಿದ್ದು ತನ್ನ ಹಗ್ಗಗಳನ್ನೇ. ಸಾಲಾಗಿ ನಿಂತ ಮರದ ಪೆಟ್ಟಿಗೆಗಳು ತಾನು ನಿಲ್ಲಿಸಿದ ಜಾಗದಿಂದ ಬೆರಳಷ್ಟೂ ಕದಲಿರಲಿಲ್ಲ. ಹಗ್ಗದ ಮೇಲೆ ಉಪ್ಪು ಬೆಳ್ಳಗೆ ಕಟ್ಟಿತ್ತು. ಕೊನೆಯ ತುದಿಯನ್ನು ಮೂರು ಸುತ್ತು ಒಳಗೆ ಸಿಕ್ಕಿಸುವುದು ಅವನ ರೂಢಿ. ಪ್ರತಿ ಗಂಟಿನಲ್ಲೂ ಆ ಮೂರು ಸುತ್ತು ಹಾಗೇ ಇತ್ತು. ಬಿಚ್ಚಿ ಮತ್ತೆ ಕಟ್ಟಿದ್ದಲ್ಲ ಇದು, ಯಾರೂ ಮುಟ್ಟಿಯೇ ಇಲ್ಲ. ಅವನಿಗೆ ಮೊದಲು ಹೆಮ್ಮೆಯಾಯಿತು. ಆಮೇಲೆ ಹೆಮ್ಮೆಪಟ್ಟಿದ್ದಕ್ಕೆ ನಾಚಿಕೆಯಾಯಿತು.

ಮೂರನೆಯ ಸಾಲಿನಲ್ಲಿ ಒಂದು ಹಗ್ಗ ಕಬ್ಬಿಣದ ಅಂಚಿಗೆ ಉಜ್ಜಿ ಸವೆದಿತ್ತು. ಸವೆದ ಕಡೆ ಯಾರೋ ದಪ್ಪ ಬಟ್ಟೆ ಸುತ್ತಿ, ಒತ್ತಾಗಿ ಹೊಲಿದಿದ್ದರು. ಅವನು ಮಂಡಿಯೂರಿ ಕೂತು ಆ ಹೊಲಿಗೆಯನ್ನು ಬೆರಳಿನಿಂದ ಸವರಿದ. ನಾವಿಕರ ಕೆಲಸವಲ್ಲ, ಇದು ಬಂದರಿನ ಕೈಕೆಲಸ, ತನ್ನ ಕಸುಬಿನವನದೇ. ತನಗಿಂತ ಒಂದು ಕೈ ಮೇಲು. ಭಾವನ ಕಾಗದದ ಮಾತು ನೆನಪಾಯಿತು. ಹಗ್ಗ ಬಿಚ್ಚಲು ಒಲ್ಲೆ ಎಂದವನು, ಅದು ಕಡಿದು ನಾವಿಕರ ಮೇಲೆ ಪೆಟ್ಟಿಗೆ ಉರುಳದಿರಲಿ ಎಂದು ಹೊಲಿದು ಹೋಗಿದ್ದ. ಎಲ್ಲಿಯವನೋ, ಹೇಗಿದ್ದಾನೋ.

ಆಗ ಅವನ ಹಿಂದಿನಿಂದ ಹಡಗಿನ ಅಡುಗೆಯವನು ಬಂದ. ಈ ಮನುಷ್ಯನಿಗೆ ಎಲ್ಲ ಬಂದರುಗಳ ಬೈಗುಳವೂ ಬರುತ್ತಿತ್ತು. ಇಲ್ಲಿಯ ಭಾಷೆಯಲ್ಲಿ ಬೈಗುಳದ ಜೊತೆಗೆ ಒಂದಿಪ್ಪತ್ತು ಮಾತೂ ಬರುತ್ತಿದ್ದವು. ಅವನು ಗಂಟಣ್ಣನ ತೋಳು ಹಿಡಿದು ಪೆಟ್ಟಿಗೆಗಳ ಆಚೆ ಬದಿಗೆ, ಸಮುದ್ರದ ಕಡೆಗೆ ಎಳೆದುಕೊಂಡು ಹೋದ.

ಅಲ್ಲಿ ಪೆಟ್ಟಿಗೆಗಳ ಮೇಲೆ ಬಣ್ಣದಲ್ಲಿ ಬರೆದಿತ್ತು. ಆರು ಬರಹ, ಆರು ಕೈ. ಒಂದರ ಅಕ್ಷರ ದುಂಡಗೆ, ಇನ್ನೊಂದರದು ಕಡ್ಡಿ ಮುರಿದು ಜೋಡಿಸಿದ ಹಾಗೆ. ಒಂದು ಬಲದಿಂದ ಎಡಕ್ಕೆ ಓಡುತ್ತಿತ್ತು. ಗಂಟಣ್ಣನಿಗೆ ಒಂದಕ್ಷರವೂ ತಿಳಿಯಲಿಲ್ಲ.

"ಒಂದು ಬಂದರು," ಎಂದು ಅಡುಗೆಯವನು ಹೆಬ್ಬೆರಳು ಎತ್ತಿದ. "ಜನ ಬಂತು. ಕಾಗದ ಓದಿತು. ಕೆಲಸ ಇಲ್ಲ ಹೇಳಿತು. ಎರಡು ಬಂದರು. ಹಿಮ, ತುಂಬಾ ಹಿಮ. ಜನ ಮೂರು ದಿನ ನಿಂತಿತು. ಕ್ರೇನು ಮನುಷ್ಯ ಕೆಳಗೆ ಬಂತು, ಬೀಗದ ಕೈ ಸಮುದ್ರ." ಬೀಗದ ಕೈ ಎಸೆದದ್ದನ್ನು ಕೈ ಬೀಸಿ ತೋರಿಸಿದ. ಮೂರನೆಯ ಕಡೆ ಹೊಲಿಗೆ ಹಾಕಿದವನು ಬಂದಿದ್ದನಂತೆ, ಬಿಳಿ ಗಡ್ಡದ ಮುದುಕ. ನಾಲ್ಕನೆಯ ಕಡೆ ಹೆಂಗಸರು ಹಡಗಿನ ಏಣಿಯ ಮೇಲೆ ಸಾಲಾಗಿ ಕೂತರಂತೆ. ಐದನೆಯ ಕಡೆ ಪೊಲೀಸರು ಬಂದರಂತೆ, ಕೆಲಸಕ್ಕೆ ಮಾತ್ರ ಯಾರೂ ಬರಲಿಲ್ಲವಂತೆ. ಬರೆಯುವಾಗ ಕ್ಯಾಪ್ಟನ್ ಏನು ಮಾಡುತ್ತಿದ್ದರು ಎಂದು ಗಂಟಣ್ಣ ಕೇಳಿದ. ಅಡುಗೆಯವನು ಕಣ್ಣು ಮುಚ್ಚಿ ಗೊರಕೆ ಹೊಡೆದು ತೋರಿಸಿದ.

"ಆರು ಬಂದರು ಚಿಕ್ಕದು. ಇಷ್ಟೇ." ಅವನು ಅಂಗೈ ತೋರಿಸಿದ. "ಕೆಲಸದ ಜನ ಐದು."

"ಐವತ್ತಾ?"

"ಐದು." ಐದು ಬೆರಳು ಬಿಡಿಸಿದ. "ತಿಂಗಳು ಒಂದು ಹಡಗು. ಈ ಹಡಗು. ಬಂತು, ಓದಿತು, ಮಾತಾಡಿತು. ಒಬ್ಬ ಅತ್ತ. ನಮಗೆ ಬ್ರೆಡ್ಡು ಕೊಟ್ಟಿತು. ಬರೆಯಿತು. ಮನೆಗೆ ಹೋಯಿತು."

ಗಂಟಣ್ಣ ಆ ಆರನೆಯ ಬರಹದ ಮುಂದೆ ನಿಂತ. ತಿಂಗಳಿಗೆ ಒಂದೇ ಹಡಗು ಕಾಣುವ ಐದು ಜನ, ಆ ಒಂದನ್ನೂ ಬೇಡ ಎಂದು ಮನೆಗೆ ನಡೆದಿದ್ದರು. ನಷ್ಟ ಹಂಚಿಕೊಳ್ಳಲು ಅವರಿಗೆ ಗುಂಪಿರಲಿಲ್ಲ, ಚಪ್ಪಾಳೆ ತಟ್ಟಲು ಊರಿರಲಿಲ್ಲ. ಅಷ್ಟು ದೊಡ್ಡ ಸಮುದ್ರದ ಆಚೆ ಅಷ್ಟು ಚಿಕ್ಕ ಜಾಗದಲ್ಲಿ ಇಂಥದ್ದು ನಡೆದಿದೆ ಎನ್ನುವುದನ್ನು ಅವನ ತಲೆ ನಂಬಲು ಒಪ್ಪುತ್ತಿರಲಿಲ್ಲ. ಕಣ್ಣು ಒಪ್ಪಿಬಿಟ್ಟಿತ್ತು. ಅವನು ತಲೆಯ ಮೇಲಿನ ಟೋಪಿ ತೆಗೆದ, ಯಾರ ಮುಂದೆ ತೆಗೆದನೋ ಅವನಿಗೇ ಗೊತ್ತಿಲ್ಲ.

ಆಗ ಅಂಕಿ ಕಣ್ಣಿಗೆ ಬಿತ್ತು. ಅರ್ಥವಾಗದ ಅಕ್ಷರಗಳ ನಡುವೆ ಅಂಕಿ ಮಾತ್ರ ಅವನು ಬಲ್ಲ ಅಂಕಿಯೇ. ಮುನ್ನೂರ ಹನ್ನೆರಡು. ಪಕ್ಕದ ಬರಹದಲ್ಲೂ ಮುನ್ನೂರ ಹನ್ನೆರಡು. ಆರರಲ್ಲೂ ಅದೇ. ಪೆಟ್ಟಿಗೆಯ ಸಂಖ್ಯೆ ಇರಬೇಕೆಂದುಕೊಂಡ, ಅಲ್ಲ. ಹಾಗಾದರೆ ಅದು ಭಾವ ಬರೆದ ಕಾಗದದಿಂದ ಬಂದದ್ದು, ಮುಷ್ಕರದವರ ತಲೆ ಲೆಕ್ಕ. ಆದರೆ ಹಡಗು ಹೊರಟ ದಿನ ಕಾಗದ ಹೋಗುವಾಗ ಹೊರಗೆ ಉಳಿದಿದ್ದವರು ಮುನ್ನೂರ ಒಂದೇ ಜನ. ಎರಡು ಸಲ ಕಳೆದು ನೋಡಿದ. ಹನ್ನೊಂದು ಜನ ಮಿಕ್ಕರು. ಅವರಲ್ಲಿ ಒಬ್ಬ ಈಗ ಟೋಪಿ ಹಿಡಿದು ಇಲ್ಲಿ ನಿಂತಿದ್ದ. ಆರು ಬಂದರಿನ ಜನ ಕೆಲಸ ಬಿಟ್ಟದ್ದು ಅವನಿಗಾಗಿಯೂ ಆಗಿತ್ತು.

ಕೆಳಗೆ ಮ್ಯಾನೇಜರು ಕಾಯುತ್ತಿದ್ದರು.

"ಹಗ್ಗ ಸರಿ ಇದೆಯಾ?"

"ಇದೆ ಸಾರ್."

"ಹಾಗಾದ್ರೆ ನಾಳೆ ಏಳಕ್ಕೆ."

"ಇಲ್ಲ ಸಾರ್. ನನ್ನ ಕೈಲಿ ಬಿಚ್ಚೋಕೆ ಆಗಲ್ಲ. ಆ ಹತ್ತು ಜನಕ್ಕೂ ನಾನೇ ಹೇಳ್ತೀನಿ."

ಮ್ಯಾನೇಜರು ಏನೇನೋ ಹೇಳಿದರು. ಗಂಟಣ್ಣ ಆಗಲೇ ನಡೆಯುತ್ತಿದ್ದ. ಇಷ್ಟು ದಿನ ಕಂಪನಿಯ ವ್ಯಾನಿನಲ್ಲಿ ಹಿಂದಿನ ದಾರಿಯಿಂದ ಬಂದು ಹೋಗುತ್ತಿದ್ದವನು ಇವತ್ತು ಮುಂದಿನ ಗೇಟಿನಿಂದಲೇ ಹೊರಗೆ ಬಂದ.

ಟಾರ್ಪಾಲಿನ ಕೆಳಗೆ ಕೂತಿದ್ದವರಲ್ಲಿ ಕೆಲವರು ಬೆನ್ನು ತಿರುಗಿಸಿದರು. ಕಾಲು ಕಳೆದುಕೊಂಡ ಕೊಂಡಿಯವನು ಮುಂದಿನ ಬೆಂಚಿನಲ್ಲೇ ಊರುಗೋಲು ಪಕ್ಕಕ್ಕಿಟ್ಟುಕೊಂಡು ಕೂತಿದ್ದ. ಗಂಟಣ್ಣ ಅವನೆದುರು ನಿಂತು, ಕಂಡದ್ದನ್ನೆಲ್ಲ ತಡವರಿಸುತ್ತ ಹೇಳಿದ. ಆರು ಬಂದರು, ಹೊಲಿಗೆ, ಹಿಮ, ಹೆಂಗಸರು, ಐದು ಜನ. ಈ ಮುನ್ನೂರು ಜನ ಇಷ್ಟು ದಿನ ಕಾದದ್ದು ಇದೇ ಸುದ್ದಿಗೆ. ಅದನ್ನು ತಂದವನ ಬಾಯಿಂದ ಮಾತ್ರ ಅವರು ಕೇಳಲು ಸಿದ್ಧರಿರಲಿಲ್ಲ.

"ಚೆನ್ನಾಗಿದೆ ಕತೆ," ಎಂದ ಕೊಂಡಿಯವನು. "ಕಂಪನಿಯವರು ಕಲಿಸಿ ಕಳಿಸಿದ್ರಾ? ನಾವು ಕುಣಿದಾಡಿ ಗೇಟು ಬಿಟ್ಟು ಹೋಗಲಿ ಅಂತಾನಾ?"

"ಇಲ್ಲಪ್ಪ. ಕಣ್ಣಾರೆ ನೋಡಿದೆ."

ಹಿಂದೆ ಕೂತಿದ್ದ ಭಾವ ಎದ್ದು ಬಂದರು. "ಏನು ಬರೆದಿದ್ರು?"

"ಓದೋಕೆ ಬರಲಿಲ್ಲ ಭಾವ. ಅಂಕಿ ಒಂದೇ ಗೊತ್ತಾಗಿದ್ದು."

"ಯಾವ ಅಂಕಿ?"

ಗಂಟಣ್ಣ ತಲೆ ತಗ್ಗಿಸಿದ. "ಮುನ್ನೂರ ಹನ್ನೆರಡು."

"ಸಿಕ್ಕಿಬಿದ್ದ," ಎಂದು ಕೊಂಡಿಯವನು ಊರುಗೋಲಿನಿಂದ ನೆಲ ಕುಟ್ಟಿದ. "ಹಡಗು ಹೊರಟಾಗ ನಾವು ಮುನ್ನೂರ ಒಂದು. ಸುಳ್ಳು ಹೇಳೋಕೂ ಲೆಕ್ಕ ಬರಬೇಕು."

ಎಲ್ಲರೂ ಭಾವನ ಮುಖ ನೋಡಿದರು. ಭಾವ ಕನ್ನಡಕ ತೆಗೆದು ಅಂಗಿಯ ತುದಿಗೆ ಒರೆಸಿದರು.

"ಅವನು ಹೇಳ್ತಿರೋದು ನಿಜ," ಎಂದರು. "ನಾನು ಬರೆದಿದ್ದು ಮುನ್ನೂರ ಹನ್ನೆರಡು ಅಂತಲೇ. ಈ ವಿಷಯ ನನಗೆ ಬಿಟ್ರೆ ಇನ್ನೊಬ್ಬರಿಗೆ ಗೊತ್ತಿಲ್ಲ."

"ಯಾಕೆ ಹಾಗೆ ಬರೆದ್ರಿ?" ಎಂದು ಗುಂಪಿನಿಂದ ಯಾರೋ ಕೇಳಿದರು.

"ಮೊದಲು ಮುನ್ನೂರ ಒಂದು ಅಂತಲೇ ಬರೆದೆ. ಹೊಡೆದು ಹಾಕಿದೆ. ಹನ್ನೊಂದು ಜನರನ್ನ ಕಳೆಯೋಕೆ ಕೈ ಬರಲಿಲ್ಲ. ಅವರಲ್ಲಿ ಒಬ್ಬನನ್ನ ಸಭೆಯಲ್ಲಿ ನಗೆಪಾಟಲು ಮಾಡಿ ಕಳಿಸಿದವನು ನಾನೇ."

ಸುದ್ದಿ ನಿಜ ಎನ್ನುವುದು ಒಬ್ಬೊಬ್ಬರ ಮುಖದಲ್ಲೂ ನಿಧಾನಕ್ಕೆ ಇಳಿಯಿತು. ಬೆನ್ನು ತಿರುಗಿಸಿದ್ದವರು ಹಡಗಿನ ಕಡೆ ತಿರುಗಿದರು. ಬೆಳಿಗ್ಗೆ ಪುಟ್ಟನ ಗಾದೆ ಹೇಳಿ ನಗಿಸಿದವನು ಈಗ ತುಟಿ ಕಚ್ಚಿಕೊಂಡು ಅಳು ತಡೆಯುತ್ತಿದ್ದ. ಆ ತುಕ್ಕು ಹಿಡಿದ ಹಡಗು ಆರು ಊರಿನವರ ಮಾತನ್ನು ಹೊತ್ತು ಅಲ್ಲಿ ನಿಂತಿತ್ತು. ಅದನ್ನು ಸರಿಯಾಗಿ ನೋಡುವುದಕ್ಕೂ ಅವರಿಗೆ ಧೈರ್ಯ ಬೇಕಾಯಿತು.

ಕೊಂಡಿಯವನು ಊರುಗೋಲನ್ನು ಬೆಂಚಿನಿಂದ ಎತ್ತಿ ಇನ್ನೊಂದು ಪಕ್ಕಕ್ಕೆ ಇಟ್ಟುಕೊಂಡ.

"ನಿನ್ನನ್ನ ಕ್ಷಮಿಸಿದೆ ಅಂತ ತಿಳ್ಕೋಬೇಡ," ಎಂದ. "ಕೂತ್ಕೋ. ಆ ಐದು ಜನರ ಊರು ಅಂದೆಯಲ್ಲ, ಅದನ್ನ ಮೊದಲಿಂದ ಹೇಳು."

ಗಂಟಣ್ಣ ಬೆಂಚಿನ ತುದಿಗೆ ಕೂತ. ಜನ ಹತ್ತಿರ ಹತ್ತಿರ ಸರಿದರು. ಅಡುಗೆಯ ಹೆಂಗಸರೂ ಕೈ ಒರೆಸಿಕೊಳ್ಳುತ್ತ ಬಂದು ಎಲ್ಲರ ಹಿಂದೆ ನಿಂತರು. ಅವನ ದನಿ ಏಳಲೊಲ್ಲದು. ಚಿಕ್ಕ ಬಂದರಂತೆ, ಅಂಗೈಯಷ್ಟಂತೆ, ಎಂದು ತನ್ನ ಕಾಲಿಗೇ ಹೇಳಿಕೊಳ್ಳುವವನಂತೆ ಶುರು ಮಾಡಿದ.

ಗುಂಪಿನ ಹಿಂದಿನಿಂದ ಅವನ ಹೆಂಡತಿಯ ದನಿ ಬಂತು.

"ರೀ, ಸ್ವಲ್ಪ ಜೋರಾಗಿ ಹೇಳಿ. ಹಿಂದೆ ಇರೋರಿಗೆ ಕೇಳಿಸ್ತಾ ಇಲ್ಲ."