ಬೇಳೆ ಬೇಯುವ ನೀರು

೨೦೦೩ರ ವೈಶಾಖ. ಬೆಳಗಿನ ಏಳಕ್ಕೇ ಅಹಮದಾಬಾದಿನ ಬಿಸಿಲು ಮಹಡಿಯಿಂದ ಇಳಿದು ಒಳಚೌಕದ ಮೂಲೆಗೆ ಬಂದು ಕೂತಿತ್ತು. ಗಿರಿಜಮ್ಮ ಎಂದಿನಂತೆ ಚೌಕದ ನಡುವಿನ ಕಲ್ಲುಮುಚ್ಚಳ ಸರಿಸಿ, ಹಗ್ಗ ಕಟ್ಟಿದ ತಾಮ್ರದ ಬಿಂದಿಗೆಯನ್ನು ಟಾಂಕಾದೊಳಕ್ಕೆ ಬಿಡುತ್ತಿದ್ದಳು. ಅಷ್ಟರಲ್ಲಿ ಚಿನ್ಮಯಿ ಅಳತೆಯ ಟೇಪು, ಸುರುಳಿ ಸುತ್ತಿದ ನಕ್ಷೆ ಹಿಡಿದು ಒಳಗೆ ಬಂದಳು. ತಕರಾರು ಶುರುವಾದದ್ದು ಆಗಲೇ.

ಟಾಂಕಾ ಎಂದರೆ ನೆಲದಡಿಯ ನೀರಿನ ಕೋಣೆ. ಹಳೇ ಊರಿನ ಇಕ್ಕಟ್ಟು ಓಣಿಗಳಿಗೆ ಅಲ್ಲಿಯವರು ಪೋಳ್ ಎನ್ನುತ್ತಾರೆ. ಹಿಂದೆ ಅಲ್ಲಿ ಅನುಕೂಲವಂತರ ಮನೆಗೆಲ್ಲ ಇಂಥದ್ದೊಂದು ಇರುತ್ತಿತ್ತು. ಮಳೆಗಾಲದಲ್ಲಿ ಮಹಡಿಯ ನೀರು ಕೊಳವೆಯಲ್ಲಿ ಇಳಿದು ತುಂಬಿಕೊಂಡರೆ ಮುಂದಿನ ಮಳೆಯವರೆಗೆ ಕುಡಿಯುವುದಕ್ಕೂ ಅಡುಗೆಗೂ ಚಿಂತೆಯಿಲ್ಲ. ಈ ಮನೆಯದು ಮೂರಾಳು ಆಳ. ಗಂಡನಿಗೆ ಬಾಹ್ಯಾಕಾಶ ಸಂಸ್ಥೆಯಲ್ಲಿ ಡ್ರೈವರ್ ಕೆಲಸ ಸಿಕ್ಕಾಗ ಗಿರಿಜಮ್ಮ ಹರಿಹರದಿಂದ ಬಂದು ಇಲ್ಲಿ ಬಾಡಿಗೆಗೆ ಹೊಕ್ಕವಳು. ಗಂಡ ತೀರಿಕೊಂಡ ಮೇಲೆ ಕನ್ನಡದ ಹುಡುಗ ಹುಡುಗಿಯರಿಗೆ ಊಟ ಹಾಕುತ್ತ ಇಲ್ಲೇ ನಿಂತಳು. ಇಪ್ಪತ್ತೆರಡು ವರ್ಷ, ಮಳೆಗೆ ಮುಂಚೆ ಮಹಡಿ ಉಜ್ಜಿ ತೊಳೆದದ್ದು ಅವಳೇ. ಮೊದಲ ಮಳೆಯನ್ನು ಬೀದಿಗೆ ಬಿಟ್ಟು, ನೀರು ತಿಳಿಯಾದ ಮೇಲೆ ಕೊಳವೆಯ ಬಾಯಿ ಬಿಚ್ಚುತ್ತಿದ್ದವಳೂ ಅವಳೇ.

ಚಿನ್ಮಯಿ ಆ ಊಟಕ್ಕೆ ಬರುವವರಲ್ಲಿ ಒಬ್ಬಳು. ವಡೋದರಾ ಪಕ್ಕದ ಕೊಯಾಲಿಯ ರಿಫೈನರಿ ಕಾಲೊನಿಯಲ್ಲಿ ಬೆಳೆದ ಹುಡುಗಿ. ಅವಳ ಕನ್ನಡ ಇನ್ನೂ ಅರ್ಧ ಬೆಂದ ಅಕ್ಕಿ. ಹಳೇ ಮನೆಗಳನ್ನು ಕೆಡವದೆ ದುರಸ್ತಿ ಮಾಡಿ ಹೊಸ ಕೆಲಸಕ್ಕೆ ಹಚ್ಚುವ ಆಫೀಸೊಂದರಲ್ಲಿ ಆರ್ಕಿಟೆಕ್ಟು. ಈ ಮನೆಯ ಯಜಮಾನ ರಸಿಕಭಾಯಿ ನದಿಯಾಚೆಯ ಫ್ಲಾಟಿಗೆ ಹೋಗಿ ಹನ್ನೊಂದು ವರ್ಷವಾಗಿತ್ತು. ಭೂಕಂಪಕ್ಕೆ ಹಿತ್ತಲ ಗೋಡೆ ಬಿರಿದಾಗ ಎಲ್ಲ ಕೆಡವಿಬಿಡೋಣ ಎಂದಿದ್ದವರನ್ನು ಹಿಡಿದು ಕೂರಿಸಿ, ಅತಿಥಿಗೃಹ ಮಾಡಲು ಒಪ್ಪಿಸಿದ್ದು ಇವಳೇ. ಕೆತ್ತನೆಯ ಕಂಬ ಉಳಿಯುತ್ತದೆ, ಜಗಲಿ ಉಳಿಯುತ್ತದೆ, ಗಿರಿಜಮ್ಮ ಬೇಯಿಸಿ ಮಲಗುವ ಅಡುಗೆಮನೆ ಉಳಿಯುತ್ತದೆ, ಅತಿಥಿಗಳಿಗೆ ಅವಳದೇ ಅಡುಗೆ ಎಂದು ಮಾತಾಗಿತ್ತು. ಗಿರಿಜಮ್ಮ ಹಿಗ್ಗಿನಲ್ಲೇ ಇದ್ದಳು.

ಆ ಬೆಳಿಗ್ಗೆ ಚಿನ್ಮಯಿ ಎರಡು ಇಡ್ಲಿ ಮುಗಿಸಿ ಮೂರನೆಯದನ್ನು ಮುರಿಯುತ್ತ, ಸೋಮವಾರದಿಂದ ಲಾರಿಯಲ್ಲಿ ಇಟ್ಟಿಗೆಚೂರು ಬರುತ್ತದೆ ಎಂದಳು. ಅತಿಥಿಗಳಿಗೆ ನಾಲ್ಕು ಬಚ್ಚಲು ಬೇಕು, ಅವು ಚೌಕದಲ್ಲೇ ಆಗಬೇಕು, ಟಾಂಕಾ ಮುಚ್ಚಬೇಕು.

ಗಿರಿಜಮ್ಮ ಬಿಂದಿಗೆ ಕೆಳಗಿಟ್ಟಳು. “ಒಳಗಿರೋ ನೀರಿಗೆ ಏನ್ ಮಾಡ್ತೀಯವ್ವ?”

“ಪಂಪ್ ಹಾಕಿ ಹೊರಗೆ ಬಿಡ್ತೀವಿ ಆಂಟಿ. ಬೋರ್ ಇದೆಯಲ್ಲ. ಇದನ್ನ ಯಾರೂ ಯೂಸ್ ಮಾಡಲ್ಲ, ನಾ?”

“ನಾನ್ ಮಾಡ್ತೀನಲ್ಲ.”

ಚಿನ್ಮಯಿ ನಕ್ಕಳು. ಗಿರಿಜಮ್ಮ ನಗಲಿಲ್ಲವೆಂದು ಗೊತ್ತಾಗಿ ಇಡ್ಲಿಯ ಕಡೆ ನೋಡಿದಳು.

ಹುಡುಗಿ ಮಹಡಿ ಅಳೆಯಲು ಹೋದಾಗ ನಕ್ಷೆ ಜಗಲಿಯ ಮೇಲೆ ಬಿಚ್ಚಿಕೊಂಡೇ ಇತ್ತು. ಗಿರಿಜಮ್ಮನಿಗೆ ಅಕ್ಷರ ಬಾರದು. ಆದರೆ ಹದಿನೈದು ಚುಕ್ಕಿಯ ರಂಗೋಲಿಯನ್ನು ಒಂದು ಗೆರೆ ತಪ್ಪದೆ ಎಳೆಯುವವಳಿಗೆ ಮನೆಯ ಗೆರೆ ತಿಳಿಯದೇ ಇರುತ್ತದೆಯೆ? ಬಾಗಿಲು ಹುಡುಕಿದಳು, ಮೆಟ್ಟಿಲು ಹುಡುಕಿದಳು, ಚೌಕದ ಮೇಲೆ ಬರೆದ ನಾಲ್ಕು ಚೌಕುಳಿಗಳನ್ನು ಗೇಣಿನಲ್ಲಿ ಅಳೆದಳು. ಅದೇ ಗೇಣನ್ನು ಕಾಗದದ ಮೇಲೆ ಅತ್ತಿತ್ತ ಸರಿಸಿ ಒಂದು ಕಡೆ ನಿಲ್ಲಿಸಿದಳು. ಆಮೇಲೆ ಎದ್ದು ಬೇಳೆ ಆರಿಸತೊಡಗಿದಳು.

ಭಾನುವಾರ ರಸಿಕಭಾಯಿ ಕೆಲಸ ನೋಡಲು ಬರುವವರಿದ್ದರು. ಊಟಕ್ಕೆ ಇಲ್ಲೇ ಇರಬೇಕೆಂದು ಗಿರಿಜಮ್ಮ ಹೇಳಿಕಳಿಸಿದಳು. ಅವರು ಬರುವ ಹೊತ್ತಿಗೆ ಒಲೆಯ ಮೇಲೆ ಎರಡು ಪಾತ್ರೆ. ಎರಡಕ್ಕೂ ಒಂದೇ ಚೀಲದ ತೊಗರಿಬೇಳೆ, ಒಂದೇ ಪಾವು, ಒಂದೇ ಉರಿ. ಕುಕ್ಕರನ್ನು ಅಟ್ಟಕ್ಕೆ ಹಾಕಿದ್ದಳು. ಒಂದಕ್ಕೆ ಬೋರಿನ ನೀರು, ಇನ್ನೊಂದಕ್ಕೆ ಟಾಂಕಾದ್ದು. ಯಜಮಾನರಿಗೆ ಮಣೆ ಹಾಕಿ ಕೂರಿಸಿ, ಅಡುಗೆ ತಡವಾಯಿತು, ಕ್ಷಮಿಸಬೇಕು ಎಂದು ತನಗೆ ಬರುವಷ್ಟು ಗುಜರಾತಿಯಲ್ಲಿ ಹೇಳಿದಳು.

ಮುಕ್ಕಾಲು ಗಂಟೆಗೆ ಟಾಂಕಾದ ಪಾತ್ರೆಯಲ್ಲಿ ಬೇಳೆ ಎನ್ನುವುದೇ ಇರಲಿಲ್ಲ, ಬರೀ ಹಳದಿ ಗಂಜಿ. ಪಕ್ಕದ್ದರಲ್ಲಿ ಕಾಳುಗಳು ಶಾಲೆಗೆ ಬಂದ ಮಕ್ಕಳ ಹಾಗೆ ಬಿಡಿಬಿಡಿಯಾಗಿ ನಿಂತಿದ್ದವು. ರಸಿಕಭಾಯಿ ಸೌಟು ಇಸಿದುಕೊಂಡು ಎರಡನ್ನೂ ತಾವೇ ಕಲಕಿದರು. ಬೋರಿನದನ್ನು ಮತ್ತೊಮ್ಮೆ ಕಲಕಿದರು. ಆಮೇಲೆ ಯಾರ ಮುಖವನ್ನೂ ನೋಡದೆ ಹೇಳಿಕೊಂಡರು: ಫ್ಲಾಟಿನಲ್ಲೂ ಬೋರಿನ ಗಡಸು ನೀರೇ, ಅಲ್ಲಿಗೆ ಹೋದಾಗಿನಿಂದ ಮನೆಯ ದಾಲ್ ಸೇರುತ್ತಿಲ್ಲ, ನದಿ ದಾಟಿದ ಮೇಲೆ ನಿನ್ನ ಕೈಗುಣ ಹೋಯಿತು ಎಂದು ಹೆಂಡತಿಗೆ ಹನ್ನೊಂದು ವರ್ಷ ಅಂದಿದ್ದಾರೆ, ಅಂಗಡಿ ಮೂರು ಸಲ ಬದಲಾಯಿಸಿದ್ದಾರೆ. ಚಿನ್ಮಯಿಗೆ ನಗು ತಡೆಯಲಾಗಲಿಲ್ಲ. ಅವರೂ ನಕ್ಕರು. ಎರಡು ಸಲ ಅನ್ನಕ್ಕೆ ಬೇಳೆ ಹಾಕಿಸಿಕೊಂಡು, ಟಾಂಕಾ ಮುಚ್ಚುವುದು ಬೇಡ ಎಂದುಬಿಟ್ಟರು.

ನಗು ನಿಂತದ್ದು ಚಿನ್ಮಯಿಯದು. ನಕ್ಷೆ ಬಿಚ್ಚಿ ಪೆನ್ಸಿಲು ಕಚ್ಚುತ್ತ ಕೂತಳು. ಮೇಲಿನ ಅಂತಸ್ತಿನ ಮರದ ತೊಲೆಗಳು ಬಚ್ಚಲಿನ ತೇವ ತಡೆಯವು. ಹಿತ್ತಲಿಗೆ ಜಾಗವಿಲ್ಲ. ಉಳಿದ ಒಂದು ಜಾಗವನ್ನು ಅವಳು ಬಾಯಿಬಿಟ್ಟು ಹೇಳಲಾರಳು.

ಗಿರಿಜಮ್ಮನೇ ಬಗ್ಗಿ ಬೆರಳಿಟ್ಟಳು. “ಇಲ್ಲಿ ಹಾಕು. ನಾಲ್ಕೂ ಹಿಡೀತವೆ.”

“ಆಂಟಿ, ಅದು ನಿಮ್ಮ ಕಿಚನ್.”

“ಗೊತ್ತೈತೆ. ಅವತ್ತೇ ಅಳೆದೆ.”

“ಮತ್ತೆ ಯಾಕೆ ಬೇಳೆ ಬೇಯಿಸಿದ್ರಿ?”

“ರೂಮು ಯಾವ ಓಣಿಗೆ ಹೋದ್ರೂ ಸಿಕ್ತೈತೆ. ಇಂಥದ್ದನ್ನ ಈಗ ಯಾರು ತೋಡ್ತಾರವ್ವ?”

ಚಿನ್ಮಯಿ ಮೂರು ಸಂಜೆ ಬೇರೆ ಬೇರೆ ಥರ ಗೆರೆ ಎಳೆದು ನೋಡಿದಳು. ಪ್ರತಿ ಸಲವೂ ಬಚ್ಚಲುಗಳು ಬಂದು ಅಡುಗೆಮನೆಯಲ್ಲೇ ಕೂತವು. ಅತಿಥಿಗಳ ಅಡುಗೆಯ ಮಾತೂ ಅಲ್ಲಿಗೇ ನಿಂತಿತು. ಕೊನೆಗೆ ಎರಡು ಓಣಿ ಆಚೆ ಊರ್ಮಿಳಾಬೆನ್ನರ ಮನೆಯಲ್ಲಿ ಒಂದು ಕೋಣೆ ಹುಡುಕಿಕೊಟ್ಟಳು. ಅಲ್ಲಿ ಬೆಳಕು ಹೆಚ್ಚು, ನೀರು ನಲ್ಲಿಯದು. ಬೇಕಾದಾಗ ಬಂದು ಟಾಂಕಾದಿಂದ ಸೇದಿಕೊಂಡು ಹೋಗಲಿ ಎಂದು ರಸಿಕಭಾಯಿ ಹೇಳಿದರು. ಮೊಣಕಾಲು ಒಪ್ಪಿದ ದಿನ ಬರುತ್ತೇನೆ ಎಂದಳು ಗಿರಿಜಮ್ಮ.

ಹೊರಡುವ ಮುಂಚೆ ಚಿನ್ಮಯಿಯನ್ನು ಮಹಡಿಗೆ ಹತ್ತಿಸಿ, ಪೊರಕೆ ಕೈಗೆ ಕೊಟ್ಟು, ಪಾರಿವಾಳದ ಹಿಕ್ಕೆ ಕೆರೆಯುವುದರಿಂದ ಹಿಡಿದು ಕೊಳವೆಯ ಬಾಯಿಗೆ ಬಟ್ಟೆ ಬಿಗಿಯುವವರೆಗೆ ಎಲ್ಲ ಮಾಡಿಸಿದಳು. ಹುಡುಗಿ ಬಟ್ಟೆಗಂಟು ಮೂರು ಸಲ ತಪ್ಪು ಹಾಕಿದಳು. ನಾಲ್ಕನೆಯದು ನಿಂತಿತು.

ಜ್ಯೇಷ್ಠದ ಹುಣ್ಣಿಮೆ ಕಳೆದು ಎರಡನೆಯ ದಿನ, ಸೋಮವಾರ, ಮಳೆ ಇನ್ನೂ ಬಂದಿರಲಿಲ್ಲ. ಒಲೆ, ಮಣೆ, ಪಾತ್ರೆಗಳನ್ನು ಕೈಗಾಡಿಗೆ ಹೇರಿಸಿ, ಗಿರಿಜಮ್ಮ ಆ ಮನೆ ಬಿಟ್ಟಳು.