ಒರೆಸದೆ ಉಳಿದ ಸೀಮೆಸುಣ್ಣದ ಗೀಟು

ನಾನೊಂದು ಲಾನ್ ಬೌಲ್ಸ್ ಆಟದ ಗುಂಡು. ಹುಲ್ಲಿನ ಮೇಲೆ ಉರುಳಿ, ಮೊದಲೇ ಇಟ್ಟ ಪುಟ್ಟ ಬಿಳಿ ಚೆಂಡಿನ ಹತ್ತಿರ ಹೋಗಿ ನಿಲ್ಲುವುದು ನನ್ನ ಕೆಲಸ. ಕಾರ್ಖಾನೆಯ ಅಚ್ಚಿನಲ್ಲಿ ನಾವು ನಾಲ್ವರು ಒಟ್ಟಿಗೆ ಹುಟ್ಟಿದೆವು. ಮೈಯ ಒಂದು ಪಕ್ಕವನ್ನು ಬೇಕೆಂದೇ ಬೇರೆಯಾಗಿ ಕಡೆದು, ಅಲ್ಲಿ ಸಣ್ಣ ಬಳೆಯ ಗುರುತು ಕೊರೆದರು. ಉರುಳಿಬಿಟ್ಟರೆ ಆ ಪಕ್ಕಕ್ಕೇ ಬಾಗುತ್ತೇವೆ. ನೇರ ಹೋಗುವುದು ನಮ್ಮ ಹಣೆಯಲ್ಲಿ ಬರೆದಿಲ್ಲ. ಬೇಸರವೇನಿಲ್ಲ, ನಾನು ಯಾವುದನ್ನೂ ಅಷ್ಟಾಗಿ ಹಚ್ಚಿಕೊಳ್ಳುವುದಿಲ್ಲ.

ಮೊದಲು ಮಂಗಳೂರಿನ ಹೆಂಚಿನ ಕಾರ್ಖಾನೆಯ ಮ್ಯಾನೇಜರೊಬ್ಬರ ಕೈಗೆ ಬಂದೆ. ವರ್ಗವಾದಾಗ ಅವರು ನಮ್ಮನ್ನು ಗುಡ್ಡದ ಮೇಲಿನ ಕ್ಲಬ್ಬಿನ ಕಪಾಟಿನಲ್ಲೇ ಮರೆತು ಹೋದರು. ಅಲ್ಲಿಂದ ಎತ್ತಿಕೊಂಡವರು ಬೊನವೆಂಚರ್, ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ಹೆಂಡತಿ ಕಾರ್ಮಿನ್ ಬಾಯಿಗೂ ಅವರೇ ಆಟ ಕಲಿಸಿದರು.

"ಬಿಳಿ ಚೆಂಡಿಗೇ ಗುರಿ ಇಡ್ಬೇಡ ಮಾರಾಯ್ತಿ. ಬದಿಗೆ ಬಿಡು, ಅದೇ ತಿರುಗಿ ಹೋಗ್ತದೆ. ಬಳೆ ಒಳಗಡೆಗೆ ಇರ್ಲಿ!"

ಎದುರಾಳಿ ಎಸೆಯುವಾಗ ಅಲುಗಾಡಬಾರದು. ಬಿಳಿ ಚೆಂಡಿನ ಮೇಲೆ ನೆರಳು ಬೀಳಿಸಬಾರದು. ಸೋಲಲಿ ಗೆಲ್ಲಲಿ, ಕೊನೆಗೆ ಕೈ ಕುಲುಕಬೇಕು. ಚೆಂಡನ್ನು ಮುಟ್ಟಿದ ಗುಂಡಿಗೆ ಸೀಮೆಸುಣ್ಣದ ಗೀಟು ಎಳೆಯುತ್ತಾರೆ. ಮುಂದಿನ ಸಲ ಎಸೆಯುವ ಮುನ್ನ ಅದನ್ನು ಒರೆಸಲೇಬೇಕು.

ಒಂದು ಸಂಜೆ ಗೆಳೆಯ ಗಿಲ್ಬರ್ಟನ ಜೊತೆ ಆಡುವಾಗ ನಾನು ಹೋಗಿ ಚೆಂಡನ್ನು ಮುಟ್ಟಿದೆ. ಮೇಷ್ಟ್ರು ಬಗ್ಗಿ ಗೀಟು ಎಳೆದರು. "ನೋಡಿದ್ಯಾ ಗಿಲ್ಬರ್ಟ್!" ಎಂದು ನಕ್ಕು, ಹಾಗೇ ಹುಲ್ಲಿನ ಮೇಲೆ ಕುಳಿತರು. ಮತ್ತೆ ಏಳಲಿಲ್ಲ. ಆಟ ಮುಗಿಯಲಿಲ್ಲ, ಕೈ ಕುಲುಕುವುದೂ ಬಾಕಿ ಉಳಿಯಿತು.

ಕಾರ್ಮಿನ್ ಬಾಯಿ ಅಳಲಿಲ್ಲ, ಮಣ್ಣು ಹಾಕುವಾಗಲೂ. ಮತ್ತೆ ಕ್ಲಬ್ಬಿಗೆ ಬಂದರು, ಪಾತ್ರೆ ತೊಳೆದಿಡುವವರ ಹಾಗೆ ಸುಮ್ಮನೆ ಆಡಿದರು. ನನ್ನನ್ನು ಮಾತ್ರ ಚೀಲದಿಂದ ತೆಗೆಯಲಿಲ್ಲ. ಎದುರಾಳಿಗೆ ನಾಲ್ಕು ಗುಂಡು, ಇವರಿಗೆ ಮೂರು. ಪ್ರತಿ ಸಲವೂ ಸೋತರು. ಅವರಿಗೂ ನನ್ನಂತೆಯೇ ಏನೂ ಅನ್ನಿಸುತ್ತಿರಲಿಲ್ಲವೇನೋ.

ವರ್ಷದ ಕಪ್ಪಿನ ಪಂದ್ಯಕ್ಕೆ ಎದುರು ನಿಂತವನು ಗಿಲ್ಬರ್ಟ್. ಕೊನೆಯ ಸುತ್ತಿನಲ್ಲಿ ಬಾಯಿಯ ಮೂರೂ ಗುಂಡು ಮುಗಿದವು. ಇನ್ನೊಂದು ಸರಿಯಾಗಿ ಬಿದ್ದರೆ ಗೆಲುವು ಅವರದೇ.

"ನಾಲ್ಕನೇದು ಉಂಟಲ್ಲ ಬಾಯಿ, ಹಾಕಿ," ಎಂದ ಗಿಲ್ಬರ್ಟ್.

"ಅದರಲ್ಲಿ ಅವರ ಗೀಟು ಉಂಟು."

"ಒರೆಸದೆ ಹಾಕ್ಲಿಕ್ಕಿಲ್ಲ. ಬೊನಾ ಇದ್ದಿದ್ರೆ ಅವನೇ ಒರೆಸ್ತಿದ್ದ."

ಬಾಯಿ ನನ್ನನ್ನು ತೆಗೆದು ತುಂಬ ಹೊತ್ತು ಹಿಡಿದು ನಿಂತರು. ಚೀಲದಲ್ಲಿ ಬಟ್ಟೆಯಿತ್ತು, ಆದರೆ ಅಂಗೈಯಿಂದಲೇ ಒರೆಸಿದರು. ಎಸೆದರು.

ಬಳೆ ಹೊರಗಡೆಗಿತ್ತು. ನಾನು ಚೆಂಡಿಗೆ ಬೆನ್ನು ಹಾಕಿ ಪಕ್ಕದವರ ಅಂಕಣಕ್ಕೆ ನುಗ್ಗಿದೆ. ಎದುರಾಳಿಯ ತಪ್ಪಿಗೆ ನಗಬಾರದು, ಗಿಲ್ಬರ್ಟ್ ನಗಲಿಲ್ಲ. ನಕ್ಕವರು ಬಾಯಿ.

"ಇದಕ್ಕೇ ಬೈತಿದ್ರು ನೋಡಿ, ಇದಕ್ಕೇ!"

ನಗುತ್ತಲೇ ಅಳತೊಡಗಿದರು. ಅಳುತ್ತಲೇ, ಪದ್ಧತಿಯಂತೆ, ಕೈ ಚಾಚಿದರು. ಗಿಲ್ಬರ್ಟ್ ಆ ಕೈಯನ್ನು ಎರಡೂ ಕೈಗಳಿಂದ ಹಿಡಿದ. ಬಿಟ್ಟಾಗ ಅವನ ಅಂಗೈಗೂ ಬಿಳಿ ಪುಡಿ ಹತ್ತಿತ್ತು. ಅದನ್ನು ಕೊಡವದೆ ಮುಷ್ಟಿ ಕಟ್ಟಿಕೊಂಡು ಮೆಟ್ಟಿಲಿಳಿದು ಹೋದ.

ಈಗ ನನ್ನ ಮೈ ಸವೆದಿದೆ. ಬಾಯಿಯ ಮನೆಯಲ್ಲಿ ಗಾಳಿಗೆ ಬಾಗಿಲು ಬಡಿಯದಂತೆ ಒತ್ತುಕೊಟ್ಟು ಕೂತಿದ್ದೇನೆ. ಗೀಟಿಲ್ಲ, ಆಟವಿಲ್ಲ, ಬೇಸರವೂ ಇಲ್ಲ. ಒರೆಸಿದ ಆ ಅಂಗೈಯ ಬಿಸಿ ಮಾತ್ರ ಇನ್ನೂ ನನ್ನ ಮೈಯಿಂದ ಹೋಗಿಲ್ಲ.